ಪುಸ್ತಕದಲ್ಲಿಲ್ಲದ ಹೆಸರು

ದೂರು ಠಾಣೆಗೆ ಬರುವ ಮೊದಲೇ ಮೇಲಧಿಕಾರಿಯ ಫೋನ್ ಬಂದಿತ್ತು. ಸೋಮವಾರ, ಬೆಳಿಗ್ಗೆ ಹತ್ತೂವರೆ. ಒಂದು ಕಾಲದ ದೊಡ್ಡ ನಟಿ ಬರುತ್ತಿದ್ದಾರೆ, ಕಾಯಿಸಬೇಡಿ, ಕುರ್ಚಿ ಒರೆಸಿಡಿ ಎಂದರು ಅವರು. ಇನ್‌ಸ್ಪೆಕ್ಟರ್ ಕುರ್ಚಿ ಒರೆಸಿಸಿದ. ಅದರ ಒಂದು ಕಾಲು ಅಲ್ಲಾಡುತ್ತಿತ್ತು. ತನ್ನ ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿಸಿ, ಅಲ್ಲಾಡುವುದರಲ್ಲಿ ತಾನು ಕುಳಿತ. ಸೊಂಟನೋವು ಶುರುವಾಗಿ ವಾರವಾಗಿತ್ತು. ಇದರಿಂದ ಹೊಸದಾಗಿ ಕೆಡುವುದೇನೂ ಉಳಿದಿಲ್ಲ ಎಂದುಕೊಂಡ.

ನಟಿ ಬಂದರು. ಐವತ್ತೈದು ದಾಟಿದವರು. ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಟ್ಯೂಬ್‌ಲೈಟಿನ ಕಡೆ ಒಮ್ಮೆ ನೋಡಿ, ಮುಖಕ್ಕೆ ಬೆಳಕು ನೇರ ಬೀಳದ ಹಾಗೆ ಕುರ್ಚಿಯನ್ನು ಓರೆ ಮಾಡಿಕೊಂಡರು.

"ಏನು ಕಳುವಾಗಿದೆ ಮೇಡಂ?"

"ನನ್ನ ಡೈರಿಗಳು. ಏಳು."

"ಒಡವೆ, ದುಡ್ಡು?"

"ಒಡವೆ ಪಕ್ಕದ ಡ್ರಾಯರಿನಲ್ಲೇ ಇದೆ. ಮುಟ್ಟಿಲ್ಲ."

"ಡೈರಿಯಲ್ಲಿ ಏನಿತ್ತು?"

"ನನ್ನ ವಯಸ್ಸು," ಎಂದರು ನಟಿ. ನಗಲಿಲ್ಲ. "ಹದಿನಾರರಿಂದ ಇಪ್ಪತ್ತೆರಡರವರೆಗೆ ದಿನಾ ಬರೀತಿದ್ದೆ. ಈಗ ಅದನ್ನಿಟ್ಟುಕೊಂಡು ಆತ್ಮಕತೆ ಬರೆಸ್ತಾ ಇದೀನಿ. ಮೂರು ಡೈರಿ ಮುಗಿದಿದೆ, ನಾಲ್ಕು ಬಾಕಿ. ಅವಿಲ್ಲದೆ ನನಗೇ ಏನೂ ನೆನಪಿಲ್ಲ ಇನ್‌ಸ್ಪೆಕ್ಟರೇ. ದಿನಕ್ಕೆರಡು ಸಿನಿಮಾ ಮಾಡ್ತಿದ್ದ ಕಾಲ. ಬರೆದಿಟ್ಟಿದ್ದೇ ನನ್ನ ನೆನಪು."

"ಯಾರ ಮೇಲಾದರೂ ಅನುಮಾನ?"

"ಬರೆದುಕೊಡೋ ಲೇಖಕ. ಮುಖಪುಟದಲ್ಲಿ ಅವನ ಹೆಸರೂ ಬೇಕಂತೆ. ನಾನು ಬಾಳಿದ್ದಕ್ಕೆ ಅವನ ಹೆಸರು ಯಾಕೆ?"

ಮಹಿಳಾ ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಂಡಳು. ಡೈರಿಗಳನ್ನು ಕೊನೆಯ ಸಲ ಕಂಡದ್ದು ಹಿಂದಿನ ಬುಧವಾರ, ಇಲ್ಲವೆಂದು ತಿಳಿದದ್ದು ಭಾನುವಾರ. ಕಳವು ಎಂದು ಎಫ್‌ಐಆರ್ ದಾಖಲಾಯಿತು. ನಟಿ ಎದ್ದು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಹೇಳಿದಳು: "ಸಾರ್, ನಮ್ಮಮ್ಮ ಇವರ ಸಿನಿಮಾ ನೋಡೋಕೆ ನನ್ನನ್ನ ಪಕ್ಕದ ಮನೇಲಿ ಬಿಟ್ಟು ಹೋಗ್ತಿದ್ರಂತೆ."

"ಅದನ್ನೂ ದೂರಿನಲ್ಲಿ ಸೇರಿಸಬೇಕಾ?"

"ಬೇಡ ಸಾರ್. ಸುಮ್ಮನೆ ಹೇಳ್ದೆ."

ಮಧ್ಯಾಹ್ನ ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಕರೆದು ನಟಿಯ ಮಲಗುವ ಕೋಣೆಯಲ್ಲಿ ಪಂಚನಾಮೆ ಮಾಡಿದರು. ಗೋಡೆಯ ಬೀರುವಿನ ಕೆಳಗಿನ ಖಾನೆಯಲ್ಲಿ ತಗಡಿನ ಪೆಟ್ಟಿಗೆ. ಬೀಗವಿಲ್ಲ, ಚಿಲಕ ಮಾತ್ರ. ಅದರ ಮೇಲೆ ನಟಿ ತಮ್ಮ ಹಳೆಯ ಸಿನಿಮಾಗಳಿಂದ ಉಳಿಸಿಕೊಂಡಿದ್ದ ಹತ್ತಾರು ಉಡುಪುಗಳು. ಕದ್ದವರು ಅವುಗಳನ್ನೆಲ್ಲ ಇಳಿಸಿ, ಪೆಟ್ಟಿಗೆ ಬರಿದು ಮಾಡಿ, ಮತ್ತೆ ಮೇಲಿಟ್ಟಿದ್ದರು. ಕಾನ್‌ಸ್ಟೇಬಲ್ ಫೋಟೊ ತೆಗೆದ. "ಬಟ್ಟೆಗಳು ಅಚ್ಚುಕಟ್ಟಾಗಿ ಮಡಚಿದ ಸ್ಥಿತಿಯಲ್ಲಿದ್ದವು" ಎಂದು ಇನ್‌ಸ್ಪೆಕ್ಟರ್ ಬರೆಸಿದ. ಬಾಗಿಲು, ಕಿಟಕಿ ಒಡೆದಿರಲಿಲ್ಲ. ಹಿಡಿಕೆಗಳ ಮೇಲೆ ಇಡೀ ಮನೆಯವರ ಬೆರಳ ಗುರುತುಗಳಿದ್ದವು.

ನಟಿಯನ್ನು ಬಿಟ್ಟರೆ ಮನೆಯಲ್ಲಿದ್ದವಳು ಅಡುಗೆಯವಳೊಬ್ಬಳೇ. "ಆ ನಾಲ್ಕು ದಿನದಲ್ಲಿ ಹೊರಗಿನವರು ಯಾರು ಬಂದಿದ್ದರು?" ಎಂದು ಕೇಳಿದ್ದಕ್ಕೆ ಬೆರಳು ಮಡಚಿದಳು: ಲೇಖಕ, ಬಚ್ಚಲ ಪೈಪು ರಿಪೇರಿಯವನು, ಎದುರುಮನೆಯ ಮುದುಕಿ.

"ಇನ್ಯಾರೂ ಇಲ್ವಾ?"

"ಇಲ್ಲ ಸಾರ್."

ಸಂಜೆಯವರೆಗೆ ಮೇಲಧಿಕಾರಿ ಮೂರು ಸಲ ಫೋನ್ ಮಾಡಿದರು. ಪ್ರತಿ ಸಲವೂ "ಎಲ್ಲಿಗೆ ಬಂತು?" ಎಂದರು. ಪ್ರತಿ ಸಲವೂ ಇನ್‌ಸ್ಪೆಕ್ಟರ್ "ನಡೀತಿದೆ ಸಾರ್" ಎಂದ. ಪೈಪಿನವನನ್ನು ವಿಚಾರಿಸಿದ್ದಾಯಿತು. ಅವನು ಬಚ್ಚಲು ಬಿಟ್ಟು ಆಚೆ ಬಂದಿರಲಿಲ್ಲ. ಮುದುಕಿ ಒಂದು ಡೈರಿ ಇರಲಿ, ತನ್ನ ಊರುಗೋಲು ಹೊರುವುದಕ್ಕೂ ಶಕ್ತಿಯಿಲ್ಲದವಳು.

ಮಂಗಳವಾರ ಲೇಖಕ ಠಾಣೆಗೆ ಬಂದ. ಮೂವತ್ತರ ಆಸುಪಾಸು, ಕಣ್ಣಿನ ಕೆಳಗೆ ಕಪ್ಪು.

"ಜಗಳ ಆಗಿತ್ತಂತೆ."

"ಹೆಸರಿನ ವಿಷಯಕ್ಕೆ ಆಗಿತ್ತು ಸಾರ್. ಒಪ್ಕೊಳ್ತೀನಿ."

"ಸಿಟ್ಟಿಗೆ ಎತ್ಕೊಂಡು ಹೋದ್ರಾ?"

"ಎತ್ಕೊಂಡು ಹೋಗಿ ನಾನೇನು ಮಾಡ್ಲಿ? ಆ ನಾಲ್ಕು ಓದದೆ ಪುಸ್ತಕ ಮುಗಿಯಲ್ಲ. ಪುಸ್ತಕ ಮುಗೀದೆ ಮದುವೆ ಮಾಡ್ಕೊಳ್ಳಲ್ಲ ಅಂತ ನನ್ನ ಹುಡುಗಿ ಕೂತಿದ್ದಾಳೆ. ಎರಡು ವರ್ಷದಿಂದ ಬೇರೆಯವರ ಯೌವನ ಬರೀತಾ ನನ್ನದು ಮುಗೀತಾ ಇದೆ."

"ಮುಂದೆ ಬರೆಯಬೇಕಾಗಿದ್ದು ಏನು?"

"ನಾಲ್ಕನೇ ಡೈರಿ. ಬಾಡಿಗೆ ಮಗುವಿನ ವರ್ಷ ಅಂತ ಮೇಡಂ ಹೇಳಿದ್ರು. ಸಿನಿಮಾಕ್ಕೆ ಹಸುಗೂಸು ಬೇಕಾದ್ರೆ ದಿನದ ಬಾಡಿಗೆಗೆ ತರಿಸ್ತಾರೆ. ಹಾಗೆ ಬಂದ ಒಂದು ಮಗೂನ ವಾಪಸ್ ಕರ್ಕೊಂಡು ಹೋಗೋಕೆ ಯಾರೂ ಬರಲಿಲ್ಲವಂತೆ. ಇದನ್ನ ಓದಿದೋರು ಅಳ್ತಾರೆ ನೋಡು ಅಂತ ಎಲ್ಲರ ಮುಂದೆ ಹೇಳ್ಕೊಂಡು ಖುಷಿಪಡ್ತಿದ್ರು. ನನಗೆ ಅಷ್ಟೇ ಗೊತ್ತು."

ಆ ನಾಲ್ಕು ದಿನವೂ, ನಟಿಯ ಮನೆಗೆ ಹೋಗಿಬಂದ ಅರ್ಧ ಗಂಟೆ ಬಿಟ್ಟು, ಹಳೆಯ ಸ್ಟುಡಿಯೋದ ಉಗ್ರಾಣದಲ್ಲಿ ಫೋಟೊ ಹುಡುಕುತ್ತಿದ್ದೆ ಎಂದ. ಅರ್ಧ ಗಂಟೆಯೂ ನಟಿಯ ಎದುರಿನಲ್ಲೇ ಕಳೆದಿತ್ತು. ನಿಜವಿರಬಹುದು ಎನ್ನಿಸಿತು ಇನ್‌ಸ್ಪೆಕ್ಟರಿಗೆ. ಆದರೂ ಅನ್ನಿಸಿದ್ದನ್ನು ಬರೆಯುವ ಹಾಗಿಲ್ಲ, ನೋಡಿ ಬರಬೇಕು.

ಬುಧವಾರ ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಟುಡಿಯೋಕ್ಕೆ ಹೋದ. ಉಗ್ರಾಣ ಕಾಯುವ ಮುದುಕ ಲೇಖಕನ ಮಾತನ್ನು ಒಪ್ಪಿದ. "ಇಲ್ಲೇ ಬಿದ್ದಿದ್ದ ಸಾರ್. ನನ್ನ ಟೀ ಎಲ್ಲ ಅವನೇ ಕುಡಿದ." ಅಲ್ಲಿಗೆ ಇದ್ದ ಒಬ್ಬ ಶಂಕಿತನೂ ಹೋದ. ಇನ್‌ಸ್ಪೆಕ್ಟರ್ ಸೊಂಟಕ್ಕೆ ಕೈ ಕೊಟ್ಟು ಕಪಾಟಿಗೆ ಒರಗಿ ನಿಂತ. ಎದುರಿನ ಹಲಗೆಗಳ ಮೇಲೆ ನೂರಾರು ಉಡುಪುಗಳಿದ್ದವು. ಒಂದೊಂದೂ ಪುಟ್ಟ ಗಂಟಿನಂತೆ ಮಡಚಿದ್ದು, ಕಾಲರ್ ಹೊರಮುಖ, ಬಲಮೂಲೆಯಲ್ಲಿ ಪಿನ್. ಅವನು ಬಹಳ ಹೊತ್ತು ನೋಡಿದ. ಆಮೇಲೆ ಕಾನ್‌ಸ್ಟೇಬಲ್ ಕಳಿಸಿದ್ದ ಫೋಟೊಗಳನ್ನು ಫೋನಿನಲ್ಲಿ ತೆರೆದ.

ನಟಿಯ ಬೀರುವಿನಲ್ಲಿ ಪೆಟ್ಟಿಗೆಯ ಮೇಲಿದ್ದ ಬಟ್ಟೆಗಳೂ ಹಾಗೆಯೇ ಇದ್ದವು. ಕಾಲರ್ ಹೊರಗೆ, ಬಲಮೂಲೆಗೆ ಪಿನ್. ಮೇಲಿನ ಖಾನೆಯ ಬಟ್ಟೆಗಳು ಎಲ್ಲರ ಮನೆಯ ಬಟ್ಟೆಗಳಂತೆ ಅಡ್ಡಾದಿಡ್ಡಿ. ಎರಡು ದಿನದ ಹಿಂದೆ ತಾನೇ ಎದುರು ನಿಂತು "ಅಚ್ಚುಕಟ್ಟಾಗಿ" ಎಂದು ಬರೆಸಿ ಮುಂದೆ ಹೋಗಿದ್ದ.

"ಇದೇನು ಮಡಚುವ ರೀತಿ?"

"ಒಂದು ಸೀನಿನ ಬಟ್ಟೆ ಒಂದು ಗಂಟು ಸಾರ್," ಎಂದ ಮುದುಕ. "ಬೆಲ್ಟು, ಕಾಲುಚೀಲ, ಕರವಸ್ತ್ರ ಎಲ್ಲ ಒಳಗೆ. ಶಾಟ್ ರೆಡಿ ಅಂದಾಗ ಕತ್ತಲಲ್ಲೂ ಒಂದೇ ಕೈಲಿ ಎಳೀಬಹುದು. ಬಟ್ಟೆ ಇಲಾಖೆಯವರು ಬಟ್ಟೆ ಕೈಗೆ ಸಿಕ್ಕರೆ ಸಾಕು, ಹೀಗೇ ಮಡಚ್ತಾರೆ. ಬೇರೆ ಥರ ಬರೋದೇ ಇಲ್ಲ."

"ಯಾರು ಕಲಿಸಿದ್ದು?"

"ಪಿನ್ನಕ್ಕ. ಬಾಯಲ್ಲಿ ಯಾವಾಗಲೂ ಪಿನ್ನು. ಬೈಯೋವಾಗಲೂ ತೆಗೀತಿರಲಿಲ್ಲ. ಅದಕ್ಕೇ ಏನು ಬೈದ್ಲು ಅಂತ ಯಾರಿಗೂ ತಿಳೀತಿರಲಿಲ್ಲ, ಯಾರಿಗೂ ಬೇಜಾರೂ ಆಗ್ತಿರಲಿಲ್ಲ. ನಿಮ್ಮ ಆ ನಟಿಗೆ ಮೊದಲಿನಿಂದ ಬಟ್ಟೆ ತೊಡಿಸಿದೋಳು ಅವಳೇ."

ಅಲ್ಲಿಂದ ನೇರ ನಟಿಯ ಮನೆ. ನಟಿ ಮಲಗಿದ್ದರು. ಅಡುಗೆಯವಳು ತಟ್ಟೆ ಒರೆಸುತ್ತಿದ್ದಳು.

"ಪಿನ್ನಕ್ಕ ಅಂತ ಯಾರಾದರೂ ಬಂದಿದ್ರಾ?"

"ಬಂದಿದ್ರಲ್ಲ ಸಾರ್. ಗುರುವಾರ. ಮೇಡಂದು ಎರಡು ಗೌನು ಸೊಂಟದಲ್ಲಿ ಬಿಡಿಸೋದಿತ್ತು."

"ಮೊನ್ನೆ ಯಾಕೆ ಹೇಳಲಿಲ್ಲ?"

"ಹೊರಗಿನೋರು ಯಾರು ಬಂದಿದ್ರು ಅಂತ ಕೇಳಿದ್ರಿ. ಅವರು ಹೊರಗಿನೋರಲ್ವಲ್ಲ."

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ತೆರೆದ. "ಹೋಗುವಾಗ ಕೈಯಲ್ಲಿ ಏನಿತ್ತು?"

"ಬಟ್ಟೆ ಗಂಟು. ಸಿಕ್ಕಾಪಟ್ಟೆ ಭಾರ. ಎರಡು ಗೌನಿಗೆ ಇಷ್ಟು ಭಾರನಾ ಪಿನ್ನಕ್ಕ ಅಂದೆ. ಹಳೇ ಕಾಲದ ಬಟ್ಟೆ ಕಣೇ ಅಂದ್ರು. ಪಾಪ ಅಂತ ನಾನೇ..." ಅವಳ ಕೈ ತಟ್ಟೆಯ ಮೇಲೆ ನಿಂತಿತು.

"ನೀನೇ?"

"ಮೆಟ್ಟಿಲಿಳಿಸಿ ಕೊಟ್ಟೆ ಸಾರ್." ಅವಳು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. "ನನ್ನನ್ನೂ ಹಿಡ್ಕೊಂಡು ಹೋಗ್ತೀರಾ?"

"ನಿನ್ನನ್ನ ಹಿಡಿದ್ರೆ ಮೇಡಂಗೆ ನಾನು ಬೇಯಿಸಿ ಹಾಕಬೇಕಾಗುತ್ತೆ," ಎಂದಳು ಹೆಡ್ ಕಾನ್‌ಸ್ಟೇಬಲ್. "ಏಳು. ಹೇಳಿಕೆ ಕೊಡು ಸಾಕು."

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಪಂಚರೊಂದಿಗೆ ಪಿನ್ನಕ್ಕನ ಹೊಲಿಗೆ ಅಂಗಡಿಗೆ ಹೋದರು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ, ಬಾಗಿ ಒಳಗೆ ಹೋಗಬೇಕು. ಅರವತ್ತೈದರ ಹೆಂಗಸು ಬಲ್ಬಿನ ಕೆಳಗೆ ಕೂತು ಗೌನಿನ ಅಂಚು ಹೊಲಿಯುತ್ತಿದ್ದಳು. ಸಮವಸ್ತ್ರ ಕಂಡು ಏಳಲಿಲ್ಲ. ತುಟಿಯ ನಡುವಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಹತ್ತಿಯ ದಿಂಬಿಗೆ ಚುಚ್ಚಿದಳು.

"ಕೂತ್ಕೊಳ್ಳಿ. ಇದೊಂದು ಅಂಚು ಮುಗಿಸಿಬಿಡ್ತೀನಿ. ಅವಳದೇ ಗೌನು. ನೀವು ಕರ್ಕೊಂಡು ಹೋದ್ಮೇಲೆ ಯಾರು ಮುಗಿಸ್ತಾರೆ?"

ಇನ್‌ಸ್ಪೆಕ್ಟರ್ ಪಂಚರನ್ನು ಹೊರಗೆ ನಿಲ್ಲಿಸಿ ಸ್ಟೂಲಿನ ಮೇಲೆ ಕುಳಿತ. ಅವಳು ದಾರ ಕಚ್ಚಿ ತುಂಡು ಮಾಡುವವರೆಗೆ ಕಾದ.

"ಎಲ್ಲಿವೆ?"

"ಮಿಷನ್ನಿನ ಕೆಳಗೆ."

"ಯಾಕೆ ತಂದ್ರಿ?"

"ಒಂದು ಹಾಳೆ ಹರಿದುಕೊಂಡು ವಾಪಸ್ ಇಡೋಣ ಅಂತ. ಯಾವ ಹಾಳೆ ಅಂತಾನೇ ಗೊತ್ತಾಗಲಿಲ್ಲ. ಅಚ್ಚಿನ ಅಕ್ಷರ ಕೂಡಿಸಿ ಓದ್ತೀನಿ. ಅವಳ ಅಕ್ಷರ ಇರುವೆ ಹರಿದ ಹಾಗೆ."

"ಯಾರ ಕೈಲಾದರೂ ಓದಿಸಬಹುದಿತ್ತು."

"ಮನೇಲಿ ಇಂಥ ಅಕ್ಷರ ಓದೋಳು ಒಬ್ಬಳೇ. ನನ್ನ ಮಗಳು. ಟೀಚರು." ಪಿನ್ನಕ್ಕ ಗೌನನ್ನು ಮಡಿಲಿಗೆಳೆದುಕೊಂಡಳು. "ಅವಳ ಕೈಲಿ ಓದಿಸೋ ಹಾಗಿದ್ದಿದ್ರೆ ಕದಿಯೋ ಕೆಲಸ ಯಾಕೆ ಬರ್ತಿತ್ತು?"

ಹೆಡ್ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರನ ಮುಖ ನೋಡಿದಳು.  ಲೇಖಕ ಹೇಳಿದ್ದು ನೆನಪಾಗಿ ಅವನು ಕೇಳಿದ: "ಬಾಡಿಗೆ ಮಗು?"

"ಹೆರಿಗೆ ಸೀನು," ಎಂದಳು ಪಿನ್ನಕ್ಕ. "ಬೆಳಿಗ್ಗೆ ಒಬ್ಬ ಹೆಂಗಸು ತಂದುಕೊಟ್ಟಳು. ಮಧ್ಯಾಹ್ನ ಕೂಲಿ ಇಸ್ಕೊಂಡು, ಊಟ ಮಾಡಿ ಬರ್ತೀನಿ ಅಂತ ಹೋದೋಳು ಹೋದಳು. ಸಂಜೆ ಪ್ಯಾಕಪ್ ಆಯ್ತು. ಎಲ್ಲಾ ಸಾಮಾನು ಲೆಕ್ಕ ಹಾಕಿ ಲಾರಿಗೆ ಏರಿಸಿದ್ರು. ಇದೊಂದು ಉಳೀತು. ಬಟ್ಟೆ ಬುಟ್ಟೀಲಿ ಹಾಕ್ಕೊಂಡು ಮನೆಗೆ ಹೋದೆ. ಮೂರು ದಿನ ಸ್ಟುಡಿಯೋ ಬಾಗಿಲಲ್ಲಿ ಕೂತು ಕಾದೆ. ನಾಲ್ಕನೇ ದಿನ ಹೋಗಲಿಲ್ಲ. ಯಾರಾದರೂ ಬಂದುಬಿಟ್ರೆ ಅಂತ ಭಯ ಆಯ್ತು."

"ಪೊಲೀಸರಿಗೆ ಹೇಳಬೇಕಿತ್ತು."

"ಹೇಳಿದ್ರೆ ನೀವು ಎತ್ಕೊಂಡು ಹೋಗ್ತಿದ್ರಿ. ಆಮೇಲೆ ಊರು ಬಿಟ್ಟು ಒಂದು ವರ್ಷ ಬೇರೆ ಕಡೆ ಕೆಲಸ ಮಾಡಿದೆ. ಗಂಡ ಸತ್ತ ಅಂತ ಹೇಳ್ಕೊಂಡು ವಾಪಸ್ ಬಂದೆ. ಮಗಳಿಗೂ ಅದನ್ನೇ ಹೇಳಿದೀನಿ. ಈಗ ಅವಳಿಗೆ ಮೂವತ್ತಾರು. ಅವಳಿಗೂ ಇಬ್ಬರು ಮಕ್ಕಳು."

"ಬರೀಬೇಡಿ ಅಂತ ಮೇಡಂನೇ ಕೇಳಬಹುದಿತ್ತಲ್ಲ."

"ಕೇಳಿದ್ರೆ ಹ್ಞೂಂ ಅಂತಿದ್ಲು. ಅವಳು ಯಾರಿಗೂ ಇಲ್ಲ ಅಂದೋಳಲ್ಲ. ಒಂದೇ ದಿನಕ್ಕೆ ಮೂರು ಪ್ರೊಡ್ಯೂಸರಿಗೆ ಹ್ಞೂಂ ಅಂದು, ಮೂರೂ ಕಾರು ಬಾಗಿಲಿಗೆ ಬಂದಾಗ ನನ್ನ ಬಟ್ಟೆ ಕೋಣೇಲಿ ಅಡಗಿ ಕೂತಿದ್ಲು. ಹೇಳೋವಾಗ ಮನಸಾರೆ ಹೇಳ್ತಾಳೆ. ಸಂಜೆಗೆ ಮರೀತಾಳೆ. ಮಗೂದು ಅವಳಿಗೆ ಒಂದು ಕತೆ, ಅಷ್ಟೇ. ಅದು ನನ್ನ ಮಗಳು ಅಂತ ತಲೆಗೆ ಹೋಗಿದೆಯೋ ಇಲ್ಲವೋ. ಅಚ್ಚಾದರೆ ಮಾತ್ರ ಸ್ಟುಡಿಯೋದ ಹಳಬರು ಯಾರು ಬೇಕಾದ್ರೂ ಕೂಡಿಸಿ ನೋಡ್ತಾರೆ."

"ಸುಟ್ಟು ಹಾಕಿದ್ರೆ ಎಲ್ಲ ಮುಗೀತಿತ್ತು," ಎಂದಳು ಹೆಡ್ ಕಾನ್‌ಸ್ಟೇಬಲ್. ಹೇಳಿದ ಮೇಲೆ ಪೊಲೀಸರು ಹೇಳುವ ಮಾತಲ್ಲ ಅದು ಎಂದು ಅವಳಿಗೇ ಅನ್ನಿಸಿತು.

"ಹೇಗಮ್ಮ ಸುಡ್ಲಿ? ಹದಿನಾರು ವರ್ಷದ ಹುಡುಗಿ. ಅವಳ ಊಟ, ನಿದ್ದೆ, ಬಟ್ಟೆ ಎಲ್ಲಾನೂ ಬೇರೆಯವರೇ ಹೇಳ್ತಿದ್ರು. ಎರಡು ಶಾಟಿನ ಮಧ್ಯೆ ನನ್ನ ಬಟ್ಟೆ ಗಂಟಿನ ಮೇಲೆ ಕೂತು ಇದನ್ನ ಬರೀತಿದ್ಲು. ಅವಳದು ಅಂತ ಇದ್ದದ್ದು ಇದೊಂದೇ."

ಪಂಚರನ್ನು ಒಳಗೆ ಕರೆದರು. ಹೊಲಿಗೆ ಮಿಷನ್ನಿನ ಕೆಳಗಿಂದ ಹಳೆಯ ಕೋಟಿನಲ್ಲಿ ಸುತ್ತಿದ್ದ ಏಳು ಡೈರಿಗಳನ್ನು ವಶಪಡಿಸಿಕೊಂಡು ಪಂಚನಾಮೆ ಬರೆದರು. ಒಂದು ಹಾಳೆಯೂ ಹರಿದಿರಲಿಲ್ಲ. ನಾಲ್ಕು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಆಕೆಯನ್ನು ದಸ್ತಗಿರಿ ಮಾಡಿದಳು. ಪಿನ್ನಕ್ಕ ದೀಪ ಆರಿಸಿ, ಮಿಷನ್ನಿಗೆ ಮುಸುಕು ಹಾಕಿ, ಬೀಗದ ಕೈಯನ್ನು ಮಗಳಿಗೆ ಕೊಡಿ ಎಂದು ಪಕ್ಕದ ಅಂಗಡಿಯವನ ಕೈಗಿಟ್ಟು ಜೀಪು ಹತ್ತಿದಳು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವಳೇ ಕೇಳಿದಳು: "ಯಾಕೆ ಕದ್ದಳು ಅಂತ ಒಂದು ಕಾರಣ ಬರೀತೀರಲ್ಲ, ಅಲ್ಲಿ ಏನು ಬರೀತೀರಿ?"

"ನೀವು ಹೇಳಿದ್ದನ್ನ," ಎಂದ ಇನ್‌ಸ್ಪೆಕ್ಟರ್.

"ಅಂಗಡೀಲಿ ಹೇಳಿದ್ದನ್ನೋ, ಇಲ್ಲಿ ಹೇಳೋದನ್ನೋ?"

ಅವನು ಖಾಲಿ ಹಾಳೆಯೊಂದನ್ನು ಹೆಡ್ ಕಾನ್‌ಸ್ಟೇಬಲ್ ಕಡೆ ಸರಿಸಿದ. "ಇಲ್ಲಿ ಹೇಳೋದನ್ನ."

ಪಿನ್ನಕ್ಕ ಬಟ್ಟೆಯ ಅಳತೆ ನೋಡುವವಳ ಹಾಗೆ ತುಸು ಯೋಚಿಸಿದಳು. "ಹಾಗಾದ್ರೆ ಬರ್ಕೊಳ್ಳಿ. ಇಷ್ಟು ವರ್ಷ ಬಟ್ಟೆ ತೊಡಿಸಿದೆ, ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ. ಆ ಹೊಟ್ಟೆಕಿಚ್ಚಿಗೆ ಕದ್ದೆ."

ಹೆಡ್ ಕಾನ್‌ಸ್ಟೇಬಲ್‌ಳ ಪೆನ್ನು ನಿಂತಿತು. ಇನ್‌ಸ್ಪೆಕ್ಟರ್ "ಬರಿ" ಎಂದ. ಆಮೇಲೆ ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡ. ಆರೋಪಿ ಹೇಳಿದ್ದನ್ನು ಬರೆಯುವುದು ಕಾನೂನು. ಅದು ಸುಳ್ಳೆಂದು ತನಗೆ ಗೊತ್ತಿರುವುದನ್ನು ಎಲ್ಲಿ ಬರೆಯಬೇಕು? ಡೈರಿಗಳು ಸಿಕ್ಕಿವೆ, ಕದ್ದವಳು ಒಪ್ಪಿದ್ದಾಳೆ, ಕೇಸಿಗೆ ಅಷ್ಟು ಸಾಕು. ಸಾಕು ಎಂದು ಎರಡು ಸಲ ಹೇಳಿಕೊಂಡ. ಪೂರ್ತಿ ನಂಬಿಕೆ ಬರಲಿಲ್ಲ.

ಐದೂವರೆಗೆ ನಟಿ ವಸ್ತುಗಳನ್ನು ಗುರುತಿಸಲು ಬಂದರು. ಪಿನ್ನಕ್ಕನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ನಟಿ ಕದ್ದವಳ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಡೈರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಸಹಿ ಹಾಕಿದರು. ಆಮೇಲೆ ಕಾರಣ ಕೇಳಿದರು. ಇನ್‌ಸ್ಪೆಕ್ಟರ್ ಹೇಳಿಕೆಯಲ್ಲಿದ್ದಷ್ಟನ್ನು ಹೇಳಿದ.

"ಹೆಸರಿಲ್ಲ ಅಂತಾನಾ?" ನಟಿಯ ಕಣ್ಣು ತುಂಬಿತು, ಜೊತೆಗೆ ನಗುವೂ ಬಂತು. "ಹುಚ್ಚಿ. ಒಂದು ಪೂರ್ತಿ ಅಧ್ಯಾಯ ಬರೋದಿದೆ ಅವಳ ಮೇಲೆ. ಮರ್ಯಾದೆಗೆ ಅಂತ ಹೆಸರು ಬದಲಾಯಿಸೋಣ ಅಂದ್ಕೊಂಡಿದ್ದೆ. ಈಗ ನಿಜವಾದ ಹೆಸರೇ ಹಾಕಿಸ್ತೀನಿ, ದಪ್ಪ ಅಕ್ಷರದಲ್ಲಿ. ಆ ಮಗೂನ ಬುಟ್ಟೀಲಿ ಎತ್ಕೊಂಡು ಹೋದೋಳು ಇವಳೇ ಅಂತ."

 ಇನ್‌ಸ್ಪೆಕ್ಟರ್ ಅಲ್ಲಾಡುವ ಕುರ್ಚಿಯ ಅಂಚಿಗೆ ಸರಿದ. ಪುಸ್ತಕದಲ್ಲಿ ಏನಿರಬೇಕು ಎಂದು ಹೇಳುವುದು ಅವನ ಕೆಲಸವಾಗಿರಲಿಲ್ಲ.

"ಹಾಕಿಸಬೇಡಿ ಮೇಡಂ."

"ಯಾಕೆ? ಅವಳಿಗೆ ಬೇಕಾಗಿದ್ದೇ ಅದಲ್ವಾ?"

"ಹೆಸರೂ ಬೇಡ. ಆ ಅಧ್ಯಾಯವೂ ಬೇಡ."

ನಟಿ ಅವನನ್ನೇ ನೋಡಿದರು. ಕಪ್ಪು ಕನ್ನಡಕ ಎತ್ತಿಕೊಂಡವರು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. "ಆ ಒಂದು ರಾತ್ರಿಗೆ ಮಾತ್ರ ಅಂತ ಒಯ್ದಳು. ಆಮೇಲೆ ನಾನು ಬೇರೆ ಊರಿಗೆ ಶೂಟಿಂಗಿಗೆ ಹೋದೆ. ಯಾರೋ ಬಂದು ಕರ್ಕೊಂಡು ಹೋಗಿರ್ತಾರೆ ಅಂತ..." ನಿಲ್ಲಿಸಿದರು. "ಅವಳ ಮಗಳಿಗೆ ಎಷ್ಟು ವಯಸ್ಸು?"

ಇನ್‌ಸ್ಪೆಕ್ಟರ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದ.

"ಆ ಹುಡುಗಿಗೆ ಗೊತ್ತಿಲ್ಲ ಅಲ್ವಾ?"

"ಗೊತ್ತಿಲ್ಲ."

"ನಾನು ಎಲ್ಲರಿಗೂ ಹೇಳ್ತಿದ್ದೆ," ಎಂದರು ನಟಿ, ಸಣ್ಣ ದನಿಯಲ್ಲಿ. "ಏನೂ ಮುಚ್ಚಿಡಲ್ಲ ಈ ಪುಸ್ತಕದಲ್ಲಿ ಅಂತ. ಜಂಬದಿಂದ." ಸ್ವಲ್ಪ ಬಿಟ್ಟು ಕೇಳಿದರು: "ಇವು ಯಾವಾಗ ವಾಪಸ್ ಸಿಗ್ತವೆ?"

"ಮುದ್ದೆಮಾಲು ಮೇಡಂ. ಕೇಸು ಮುಗಿಯೋವರೆಗೆ ಕೋರ್ಟಿನ ಕೈಲಿರುತ್ತೆ. ವರ್ಷಗಳೇ ಆಗಬಹುದು." ದೂರುದಾರರಿಗೆ ತಿಳಿಸಬೇಕಾದ ಇನ್ನೊಂದು ಮಾತಿತ್ತು, ಅದನ್ನೂ ಹೇಳಿದ. "ಅರ್ಜಿ ಹಾಕಿದರೆ ಮೊದಲೇ ಬಿಡಿಸಿಕೊಳ್ಳಬಹುದು."

"ಆರು ಡೈರಿಗೆ ಮಾತ್ರ ಹಾಕ್ತೀನಿ," ಎಂದರು ನಟಿ. "ನಾಲ್ಕನೇದು ಅಲ್ಲೇ ಇರ್ಲಿ. ಆ ವರ್ಷ ನನಗೆ ನೆನಪಿಲ್ಲ ಅಂತ ಲೇಖಕನಿಗೆ ಹೇಳ್ತೀನಿ. ಜಾಮೀನಿಗೆ ನನ್ನ ತಕರಾರಿಲ್ಲ ಅಂತಲೂ ಬರ್ಕೊಳ್ಳಿ." ಒಳಗಿನ ಕೋಣೆಯ ಬಾಗಿಲ ಕಡೆ ನೋಡಿದರು. ಹೋಗಲಿಲ್ಲ.

ಮಗಳು ಬರುವಾಗ ಏಳು ದಾಟಿತ್ತು. ಎತ್ತರದ ಹೆಂಗಸು, ಕೈಯಲ್ಲಿ ತಾಯಿಯ ಮಾತ್ರೆ, ಬಟ್ಟೆಯ ಚೀಲ. ಶಾಲೆಯಿಂದ ಮನೆಗೆ ಬಂದು, ಬೀಗದ ಕೈ ತಂದ ಪಕ್ಕದ ಅಂಗಡಿಯವನಿಂದ ವಿಷಯ ತಿಳಿದು ಹಾಗೆಯೇ ಬಂದಿದ್ದಳು. ಅವಳು ಅಳಲಿಲ್ಲ. ಕಾಗದ ಕೇಳಿದಳು. ಹೇಳಿಕೆಯನ್ನು ತಿದ್ದಲು ಬಂದ ಉತ್ತರಪತ್ರಿಕೆಯ ಹಾಗೆ ನಿಂತೇ ಓದಿದಳು. ಎರಡನೇ ಸಲವೂ ಓದಿ, ಒಳಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯ ಎದುರು ಹೋಗಿ ನಿಂತಳು.

"ಹೆಸರಿಗೋಸ್ಕರನಾ ಅಮ್ಮ?"

"ಹ್ಞೂಂ."

"ಒಂದು ಪುಸ್ತಕದಲ್ಲಿ ಹೆಸರು ಬರಲಿಲ್ಲ ಅಂತ?"

"ಹೌದು ಕಣೇ. ಆಸೆ ಆಯ್ತು."

"ನಾಳೆ ನಾನು ಶಾಲೇಲಿ ಯಾವ ಮುಖ ಇಟ್ಕೊಂಡು ನಿಲ್ಲಲಿ? ಮಕ್ಕಳು ಕದ್ದರೆ ಬೈಯೋಳು ನಾನು." ಚೀಲವನ್ನು ಬೆಂಚಿನ ಮೇಲಿಟ್ಟಳು. "ಸದ್ಯ, ನಿನ್ನ ಈ ಬುದ್ಧಿ ನನಗೆ ಬರಲಿಲ್ಲವಲ್ಲ."

"ಇಲ್ಲ ಬಿಡು," ಎಂದಳು ಪಿನ್ನಕ್ಕ, ತಲೆ ಎತ್ತದೆ. "ನೀನು ನಿಮ್ಮಪ್ಪನ ಥರ."

ಮಗಳು ಚೀಲ ಬಿಚ್ಚಿ ಶಾಲು ತೆಗೆದಳು. ಬೈಯುತ್ತಲೇ ಅದನ್ನು ತಾಯಿಯ ಹೆಗಲಿಗೆ ಹೊದಿಸಿ, ಮುಂದಕ್ಕೆಳೆದು, ಚಳಿ ಹಿಡಿಸಿಕೊಂಡರೆ ಅದಕ್ಕೂ ತಾನೇ ಓಡಾಡಬೇಕು ಎಂದಳು. ಹೆಡ್ ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಇನ್‌ಸ್ಪೆಕ್ಟರ್ ಆ ದಿನದ ತನಿಖೆಯ ವಿವರ ಬರೆದು ಮುಗಿಸಿದ. ಆರೋಪಿಯನ್ನು ದಸ್ತಗಿರಿ ಮಾಡಲಾಗಿದೆ. ಮಾಲು ಪೂರ್ತಿ ಸಿಕ್ಕಿದೆ. ನಾಳೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಗುವುದು. ಕಾರಣ: ದೂರುದಾರರ ಪುಸ್ತಕದಲ್ಲಿ ತನ್ನ ಹೆಸರು ಇಲ್ಲವೆಂಬ ಅಸಮಾಧಾನ.

ಮೇಲಧಿಕಾರಿಗೆ ಫೋನ್ ಮಾಡಿ ಅಷ್ಟನ್ನೂ ಓದಿ ಹೇಳಿದ. ಅವರು ನಕ್ಕರು. "ಜನಕ್ಕೆ ಹೆಸರಿನ ಹುಚ್ಚು ನೋಡಿ," ಎಂದರು.

"ಹೌದು ಸಾರ್," ಎಂದ ಇನ್‌ಸ್ಪೆಕ್ಟರ್.